ಅತ್ತೆಯ ಸೂಜಿ, ಸೊಸೆಯ ಸೂಜಿ

ನನ್ನ ಹಿಮ್ಮಡಿ ನೋವೂ ನನ್ನ ಅತ್ತೆಯ ಹಿಮ್ಮಡಿ ನೋವೂ ಒಂದೇ ವರ್ಷ ಶುರುವಾದವು. ಇಷ್ಟು ವರ್ಷದ ಸಂಸಾರದಲ್ಲಿ ನಮ್ಮಿಬ್ಬರಿಗೂ ಸಮನಾಗಿ ಹಂಚಿಕೆಯಾದದ್ದು ಅದೊಂದೇ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಯೊಳಗೆ ಯಾರೋ ದಬ್ಬಳ ಚುಚ್ಚಿ ತಿರುವಿದಂತಾಗುತ್ತಿತ್ತು. ಗೋಡೆ ಹಿಡಿದು ಸ್ವಲ್ಪ ಓಡಾಡಿದ ಮೇಲೆ ಸಡಿಲ. ಕೂತು ಎದ್ದರೆ ಮತ್ತೆ ಅದೇ. ಅತ್ತೆ ಏಳುವಾಗ ಕೂಗಿಕೊಳ್ಳುತ್ತಿದ್ದರು, ಮನೆಯೆಲ್ಲ ಎಚ್ಚರಾಗುತ್ತಿತ್ತು. ನಾನು ಅವರಿಗಿಂತ ಮೊದಲು ಏಳಬೇಕಾದವಳು, ಕೂಗಿದರೂ ಕೇಳುವವರು ಎದ್ದಿರುತ್ತಿರಲಿಲ್ಲ. ಕೇಳುವವರಿಲ್ಲದ ಕಡೆ ಕೂಗುವಷ್ಟು ದಡ್ಡಿ ನಾನಲ್ಲ.

ನಮ್ಮದು ಶಿಕಾರಿಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಊರು. ಅಂಬ್ಲಿಗೊಳದ ಕಾಲುವೆ ನೀರು ಬರುವ ಗದ್ದೆ ಸ್ವಲ್ಪ, ಮೆಕ್ಕೆಜೋಳದ ಹೊಲ ಜಾಸ್ತಿ. ನನ್ನ ತವರು ಸೊರಬದ ಕಡೆ. ಅಲ್ಲಿಂದ ಬಂದವಳ ಮಾತು ಮೆದು, ಕೆಲಸವೂ ಮೆದು ಎಂದು ಮದುವೆಯಾದ ಹೊಸದರಲ್ಲೇ ಅತ್ತೆ ತೀರ್ಮಾನ ಮಾಡಿದ್ದರು. ಮಾತಿನ ವಿಷಯದಲ್ಲಿ ಅವರ ತೀರ್ಮಾನ ತಪ್ಪೆಂದು ತೋರಿಸಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಕೆಲಸದ ವಿಷಯದಲ್ಲಿ ಮಾತ್ರ ಇವತ್ತಿಗೂ ತೋರಿಸುತ್ತಲೇ ಇದ್ದೇನೆ.

ಮೊದಲು ಮನೆಮದ್ದು ನಡೆಯಿತು. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿ ಒತ್ತಿಕೊಂಡು ಕೂರುವುದು. ಒಲೆಯ ಮುಂದೆ ನಿಂತು ಇಟ್ಟಿಗೆ ಕಾಯಿಸುವವಳು ನಾನು. ಅತ್ತೆಯ ಎರಡೂ ಕಾಲಿನ ಶಾಖ ಮುಗಿದು ಅದು ನನ್ನ ಕೈಗೆ ಬರುವ ಹೊತ್ತಿಗೆ ಬರೀ ಇಟ್ಟಿಗೆಯಾಗಿರುತ್ತಿತ್ತು. ಆಮೇಲೆ ಮಾತ್ರೆ, ಮುಲಾಮು, ಚೆಂಡಿನ ಮೇಲೆ ಪಾದ ಉರುಳಿಸುವ ವ್ಯಾಯಾಮ. ಯಾವುದಕ್ಕೂ ನೋವು ಬಗ್ಗಲಿಲ್ಲ. ಕೊನೆಗೆ ನಮ್ಮನೆಯವರು ಇಬ್ಬರನ್ನೂ ಒಂದೇ ದಿನ ಶಿಕಾರಿಪುರದ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎರಡು ಸಲ ಹೋಗಿಬರುವುದು ತಪ್ಪುತ್ತದಲ್ಲ.

ಡಾಕ್ಟರು ಒಳ್ಳೆಯವರೇ. ಇಬ್ಬರ ಹಿಮ್ಮಡಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅತ್ತೆ ಕಿರುಚಿದರು, ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇರುತ್ತದೆ, ಅದು ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಇಬ್ಬರಿಗೂ ಕೆಟ್ಟಿದೆ ಎಂದರು. ಇನ್ನು ಉಳಿದದ್ದು ಇಂಜೆಕ್ಷನ್, ಅದರಲ್ಲಿ ಎರಡು ಥರ.

"ಒಂದು ಸ್ಟೀರಾಯ್ಡ್. ಇಲ್ಲೇ, ಇವತ್ತೇ ಹಾಕಬಹುದು. ಬೇಗ ನೋವು ಇಳಿಸುತ್ತೆ, ಆದರೆ ಕೆಟ್ಟ ಪಟ್ಟಿಯನ್ನು ಸರಿ ಮಾಡಲ್ಲ. ಕೆಲವು ತಿಂಗಳಿಗೆ ನೋವು ವಾಪಸ್ ಬರಬಹುದು. ಬಂತು ಅಂತ ಮೇಲಿಂದ ಮೇಲೆ ಹಾಕಿಸಿದರೆ ಪಟ್ಟಿ ಹರಿಯುವ ಅಪಾಯ ಇದೆ, ಹಿಮ್ಮಡಿಯ ಮೆತ್ತೆನೂ ಕರಗುತ್ತೆ. ಇನ್ನೊಂದು, ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬೇರೆಯಾಗಿ ಬರುವ ಹಳದಿ ನೀರನ್ನು ಅಲ್ಲಿಗೆ ಹಾಕೋದು. ಅದಕ್ಕೆ ಶಿವಮೊಗ್ಗಕ್ಕೆ ಹೋಗಬೇಕು. ಮೊದಲು ಕೆಲವು ವಾರ ನೋವು ಜಾಸ್ತಿನೇ ಆಗುತ್ತೆ. ನಿಧಾನ. ಎಲ್ಲರಿಗೂ ಹಿಡಿಯುತ್ತೆ ಅಂತ ನಾನು ಹೇಳಲ್ಲ, ಹಿಡಿದರೆ ಹೆಚ್ಚು ಕಾಲ ನಿಲ್ಲುತ್ತೆ. ಯಾವುದು ಹಾಕಿಸಿದರೂ ಕಾಲಿಗೆ ವಿಶ್ರಾಂತಿ ಬೇಕು. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಬೇಕು."

ನಮ್ಮನೆಯವರು ಕೇಳಿದ್ದು ಒಂದೇ ಪ್ರಶ್ನೆ. "ಯಾವ್ದು ಹಾಕಿದ್ರ ಬೇಗ ಎದ್ದು ಓಡಾಡ್ತಾರ್ರಿ?"

"ಸ್ಟೀರಾಯ್ಡ್."

"ಹಂಗಾರೆ ಅವ್ವಗ ರಕ್ತದ್ದು ಬರ್ಕೊಡ್ರಿ. ಈಕಿಗೆ ಬೇಗ ಏಳೋದು ಹಾಕ್ರಿ. ಜ್ವಾಳ ಮುರಿಯಾಕ ಬಂದೈತಿ."

ಡಾಕ್ಟರು ನನ್ನ ಕಡೆ ತಿರುಗಿ, "ನೀವೇನಂತೀರಮ್ಮ?" ಎಂದರು. ನಾನು ಇನ್ನೂ ಬೆಂಚಿನ ಕೆಳಗೆ ಕಾಲಿನಿಂದ ಚಪ್ಪಲಿ ತಡಕುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಅಕಿದೇನೈತ್ರಿ ಅನ್ನಾದು" ಎಂದುಬಿಟ್ಟರು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಬೇಗದ್ದೇ ಬೇಕಿತ್ತು. ಕೆಳಗಿಟ್ಟ ಕಾಲು ನನ್ನನ್ನು ಹೊತ್ತರೆ ಸಾಕಾಗಿತ್ತು. ಕೈಕಾಲು ಗಟ್ಟಿಯಿರುವವರೆಗೆ ಮಾತ್ರ ನನಗೆ ಆ ಮನೆಯಲ್ಲಿ ಬೆಲೆಯೆಂದು ನನಗೆ ಗೊತ್ತಿತ್ತು, ಕಾಲು ಹೋದರೆ ಉಳಿಯುವುದು ಬಾಯಿ ಒಂದೇ. ಅದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪರಿಚಯದವರೊಬ್ಬರು ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ನಮ್ಮನೆಯವರು ಸಲೀಸಾಗಿ ವಿವರಿಸಿದರು. "ಈಕಿದು ಯೂರಿಯಾ ಇದ್ದಂಗ. ಹಾಕಿದ ವಾರಕ್ಕ ಹಸರಾಕ್ಕತಿ. ಅವ್ವಂದು ತಿಪ್ಪೆಗೊಬ್ಬರ. ನಿಧಾನ, ಆದ್ರ ನೆಲಾನೇ ಸುಧಾರಿಸ್ತೈತಿ." ಡಾಕ್ಟರು ಅಷ್ಟು ಹೊತ್ತು ಹೇಳಿದ್ದನ್ನು ಎರಡು ಮಾತಿನಲ್ಲಿ ಮುಗಿಸಿದರೆಂದು ಆ ಪರಿಚಯದವರು ಮೆಚ್ಚಿಕೊಂಡರು.

ನಾನು ಕಿಟಕಿಯ ಪಕ್ಕ ಕೂತು ಆ ಮಾತನ್ನೇ ಮೆಲುಕು ಹಾಕುತ್ತಿದ್ದೆ. ನಮ್ಮ ಕಡೆ ಬೇರೆಯವರ ಹೊಲವನ್ನು ಒಂದು ವರ್ಷದ ಮಟ್ಟಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿಕೊಂಡರೆ ಅದಕ್ಕೆ ಯಾರೂ ತಿಪ್ಪೆಗೊಬ್ಬರ ಹೊಡೆಯುವುದಿಲ್ಲ. ಆ ಗೊಬ್ಬರದ ಫಲ ಸಿಗುವುದು ಮುಂದಿನ ವರ್ಷಗಳಲ್ಲಿ, ಅಷ್ಟರಲ್ಲಿ ಹೊಲ ಒಡೆಯನಿಗೆ ವಾಪಸ್ಸು ಹೋಗಿರುತ್ತದೆ. ಅದಕ್ಕೇ ಯೂರಿಯಾ ಎರಚಿ, ಇದ್ದಷ್ಟು ಬೆಳೆ ತೆಗೆದು, ನೆಲವನ್ನು ಸುಸ್ತು ಮಾಡಿ ಬಿಟ್ಟು ಬರುತ್ತಾರೆ. ನಮ್ಮನೆಯವರು ಒಳ್ಳೆಯ ರೈತರು. ಯಾವ ನೆಲಕ್ಕೆ ಯಾವುದು ಎಂದು ಅವರು ಯೋಚನೆ ಮಾಡಬೇಕಾಗಿಯೇ ಇರಲಿಲ್ಲ.

ನನ್ನ ಸೂಜಿ ಅವತ್ತೇ ಆಗಿತ್ತು. ಚುಚ್ಚುವಾಗ ಕಣ್ಣಲ್ಲಿ ನೀರು ಬಂತು, ಅಷ್ಟೇ. ಎರಡು ದಿನ ಬಿಟ್ಟು ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟೆ. ದಬ್ಬಳ ಇರಲಿಲ್ಲ. ನಂಬಿಕೆ ಬರಲಿಲ್ಲ, ಮತ್ತೆ ಕೂತು ಎದ್ದು ನೋಡಿದೆ. ನೆಲ ಬರೀ ನೆಲವಾಗಿತ್ತು. ಹಿತ್ತಿಲಿಗೆ ಹೋಗಿ ಕತ್ತಲೆಯಲ್ಲೇ ಆ ಕಡೆಯಿಂದ ಈ ಕಡೆಗೆ ಓಡಾಡಿದೆ. ಸಂತೋಷಕ್ಕೆ ಅತ್ತುಬಿಟ್ಟೆ. ಯಾರು ಯಾತಕ್ಕಾಗಿ ಹಾಕಿಸಿದ್ದರೂ ಆ ಬೆಳಗಿನ ಸುಖ ನನ್ನದೇ ಆಗಿತ್ತು.

ಅತ್ತೆಯದು ಆಮೇಲೆ ಶಿವಮೊಗ್ಗದಲ್ಲಿ ಆಯಿತು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬಂದರು. ಡಾಕ್ಟರು ಹೇಳಿದಂತೆಯೇ ಅವರ ನೋವು ಕಮ್ಮಿಯಾಗುವ ಬದಲು ಹೆಚ್ಚಾಯಿತು, ನೋವಿನ ಮಾತ್ರೆಯನ್ನೂ ಕೆಲವು ವಾರ ನುಂಗುವ ಹಾಗಿರಲಿಲ್ಲ. ಪಡಸಾಲೆಯ ಮಂಚದಲ್ಲಿ ಕಾಲಿಗೆ ದಿಂಬು ಕೊಟ್ಟುಕೊಂಡು ಮಲಗಿ, ಮಗನನ್ನು, ಡಾಕ್ಟರನ್ನು, ತಮ್ಮ ರಕ್ತವನ್ನೇ ಬಯ್ದರು. "ನನ್ ರಗತ ನನಗ ತಿರುಗಿ ಬಿತ್ತಲ್ಲೋ" ಎಂದು ಅಳುತ್ತಿದ್ದರು. ನಾನು ಅವರ ಮುಂದೆಯೇ ದಡದಡ ಓಡಾಡಿದೆ. ಬೇಕಿಲ್ಲದಿದ್ದರೂ ಪಡಸಾಲೆ ದಾಟಿ ನೀರಿಗೆ ಹೋದೆ, ಕಾಲುಂಗುರದ ಸದ್ದು ಅವರಿಗೆ ಕೇಳಲಿ ಎಂದು. ಅವರು ನರಳಿದಾಗ ನನ್ನೊಳಗೆ ಏನೋ ತಂಪಾಗುತ್ತಿತ್ತು. ಅದಕ್ಕಾಗಿ ಈಗಲೂ ನನಗೆ ಪಶ್ಚಾತ್ತಾಪವಿಲ್ಲ, ಆ ಮನೆಯಲ್ಲಿ ನನಗೆ ಸಿಕ್ಕ ತಂಪೇ ಅಷ್ಟು.

ಚಪ್ಪಲಿಯ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿ ಚಪ್ಪಲಿ ಬರುವ ಹಾಗಿಲ್ಲ, ಅಡುಗೆಮನೆಗಂತೂ ಕೇಳಲೇಬೇಡಿ. ಅತ್ತೆ ದಿನಾ ಲಿಂಗಪೂಜೆ ಮಾಡುವವರು. ಡಾಕ್ಟರು ಹೇಳಿದ ಮೆತ್ತನೆ ಚಪ್ಪಲಿ ಅವರಿಗೆ ಬಂತು, ನೀಲಿ ಬಣ್ಣದ್ದು. ಅದನ್ನು ತೊಳೆಸಿ, ವಿಭೂತಿ ಹಚ್ಚಿ, "ಇದು ಹೊರಗಿಂದಲ್ಲ, ಇದು ಔಷಧಿ" ಎಂದು ಹೇಳಿ ಮೆಟ್ಟಿಕೊಂಡರು. ದೇವರಿಗೂ ಒಪ್ಪಿಗೆಯಾಯಿತು ಅಂತ ಕಾಣುತ್ತದೆ, ಏನೂ ಆಗಲಿಲ್ಲ. ನಾನು ಅಂಥದ್ದೇ ಒಂದು ಜೊತೆ ತರಿಸಿಕೊಂಡು ಒಲೆಯ ಮುಂದೆ ನಿಂತ ದಿನ, "ಅಡಿಗಿಮನ್ಯಾಗ ಚಪ್ಲಿ ಮೆಟ್ಕೊಂಡು ನಿಂತೀಯಲ್ಲ, ನಿಮ್ಮವ್ವ ಇದನ್ನೇ ಕಲಿಸ್ಯಾಳೇನು?" ಎಂದರು. ನನ್ನದು ಔಷಧಿಯಾಗಲಿಲ್ಲ, ಚಪ್ಪಲಿಯಾಗಿಯೇ ಉಳಿಯಿತು.

ಜೋಳ ರಸ್ತೆಗೆ ಬಂತು. ನಮ್ಮ ಕಡೆ ಮೆಕ್ಕೆಜೋಳವನ್ನು ಟಾರು ರಸ್ತೆಯ ಅರ್ಧಕ್ಕೆ ಹರವಿ ಒಣಗಿಸುತ್ತೇವೆ. ಬಸ್ಸು, ಬೈಕು ಉಳಿದರ್ಧದಲ್ಲಿ ಹೋಗುತ್ತವೆ. ಕಾಳು ಎಲ್ಲ ಕಡೆ ಒಣಗಬೇಕೆಂದರೆ ಆಗಾಗ ಮಗುಚಬೇಕು, ಮಗುಚುವುದು ಕಾಲಿನಿಂದ. ಎರಡೂ ಪಾದವನ್ನು ಕಾಳಿನೊಳಗೆ ಹೂತು, ಎತ್ತದೆ, ಎಳೆಯುತ್ತ ನಡೆಯಬೇಕು. ಹಿಂದೆ ನೇಗಿಲ ಸಾಲಿನಂತೆ ಸಾಲು ಬೀಳುತ್ತದೆ. ರಸ್ತೆಯ ಆ ತುದಿಗೆ ಹೋಗಿ ಈ ತುದಿಗೆ ಬರುವುದು, ಮತ್ತೆ ಹೋಗುವುದು. ಮೇಲೆ ಬಿಸಿಲು, ಕೆಳಗೆ ಕಾದ ಟಾರು, ನಡುವೆ ಕಲ್ಲಿನಂಥ ಕಾಳು. ಹಿಮ್ಮಡಿಗೆ ಇದಕ್ಕಿಂತ ಕೆಟ್ಟ ಕೆಲಸ ಹುಡುಕಿದರೂ ಸಿಗಲಿಕ್ಕಿಲ್ಲ.

ನಾನು ಚಪ್ಪಲಿ ಹಾಕಿಕೊಂಡೇ ಕಾಳಿಗೆ ಇಳಿದೆ. ಅತ್ತೆ ಮಂಚವನ್ನು ಜಗಲಿಗೆ ಹಾಕಿಸಿಕೊಂಡಿದ್ದರು. ಅಲ್ಲಿಂದಲೇ ಕೂಗಿದರು. "ಲಕ್ಷ್ಮಿನ್ನ ಚಪ್ಲಿಲೇ ತುಳೀತಿಯೇನು? ತೆಗಿ."

ಆ ಜೋಳವನ್ನು ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಅದು ಲಾರಿ ಹತ್ತಿ ಕೋಳಿ ಮೇವಿನ ಕಾರ್ಖಾನೆಗೆ ಹೋಗುತ್ತದೆ. ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳುವ ನನ್ನ ಅತ್ತೆಗೆ ಕೋಳಿಯ ಊಟ ಲಕ್ಷ್ಮಿಯಾಗಿತ್ತು. ವ್ಯಾಪಾರಿಯ ಕಡೆಯವನು ಬೂಟುಗಾಲಿನಲ್ಲಿ ಅದೇ ರಾಶಿಯ ಮೇಲೆ ಹತ್ತಿ ನಿಂತು ಚೀಲ ತುಂಬಿಸುತ್ತಾನೆ, ಅವನಿಗೆ ಚಹಾ ಕೊಡುತ್ತೇವೆ. ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಿದೆ. ನಮ್ಮನೆಯವರು, "ಸೂಜಿ ಹಾಕ್ಸೈತಲ್ಲ, ನೋವೈತೇನು ಈಗ?" ಎಂದು ಕೇಳಿದರು. ನೋವಿರಲಿಲ್ಲ. ಇಲ್ಲದ ನೋವನ್ನು ಇದೆ ಎಂದು ತೋರಿಸುವುದು ಹೇಗೆ? ಚಪ್ಪಲಿ ಕಳಚಿ ರಸ್ತೆಯ ಬದಿಗಿಟ್ಟೆ. ಆ ಸುಗ್ಗಿಯೆಲ್ಲ ಬರಿಗಾಲಲ್ಲೇ ಮಗುಚಿದೆ.

ಚಳಿ ಮುಗಿದು ಬಿಸಿಲು ಏರುವಾಗ ದಬ್ಬಳ ವಾಪಸ್ಸು ಬಂತು. ಎರಡನೇ ಸೂಜಿ ಹಾಕುವಾಗ ಡಾಕ್ಟರು ನಮ್ಮನೆಯವರಿಗೇ ನೇರವಾಗಿ ಹೇಳಿದರು, ಇದು ಕೊನೆ, ಇನ್ನು ನಾನು ಹಾಕುವುದಿಲ್ಲ, ಇವರ ಕಾಲಿಗೆ ಮೊದಲು ವಿಶ್ರಾಂತಿ ಕೊಡಿ ಎಂದು. ನಮ್ಮನೆಯವರು ತಲೆ ಆಡಿಸಿದರು. ತಲೆ ಆಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಈ ಸಲದ ಸುಖ ಮೊದಲಿನಷ್ಟು ದಿನ ನಿಲ್ಲಲಿಲ್ಲ.

ಅಷ್ಟರಲ್ಲಿ ಅತ್ತೆಯ ಕಾಲು ನಿಧಾನಕ್ಕೆ ತಿಳಿಯಾಗುತ್ತ ಬಂದಿತ್ತು. ಮೊದಲು ಕೂಗು ನಿಂತಿತು, ಆಮೇಲೆ ಗೋಡೆ ಹಿಡಿಯುವುದು ನಿಂತಿತು. ಮಳೆ ಶುರುವಾಗುವ ಹೊತ್ತಿಗೆ ಅವರು ಹೊಲದ ಬದುವಿನವರೆಗೆ ನಡೆದು ಹೋಗಿ, ಕಳೆ ಕೀಳುವವರನ್ನು ಬಯ್ದು ಬರುತ್ತಿದ್ದರು. ಊರವರೆಲ್ಲ ರಕ್ತದ ಸೂಜಿಯನ್ನು ಹೊಗಳಿದರು. ನಾನೂ ಇಲ್ಲವೆನ್ನುವುದಿಲ್ಲ, ಅದರ ಪಾಲು ಇದ್ದಿರಬೇಕು. ಆದರೆ ಡಾಕ್ಟರು ಹೇಳಿದ್ದ ವಿಶ್ರಾಂತಿ ಅವರಿಗೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಮಂಚಕ್ಕೆ ಊಟ, ಮಂಚಕ್ಕೆ ನೀರು, ಮಂಚಕ್ಕೆ ಬಿಸಿನೀರಿನ ಬೋಗುಣಿ, ಎಲ್ಲವೂ ನಡೆದು ಬಂದದ್ದು ನನ್ನ ಕಾಲಿನ ಮೇಲೆ. ಅವರ ಹಿಮ್ಮಡಿ ಸುಧಾರಿಸಿದ್ದು ಅವರ ರಕ್ತದಿಂದಲೋ ನನ್ನ ಹಿಮ್ಮಡಿಯಿಂದಲೋ, ಯಾವ ಯಂತ್ರದಲ್ಲಿ ತಿರುಗಿಸಿ ಬೇರೆ ಮಾಡುತ್ತೀರಿ?

ಮತ್ತೆ ಜೋಳ ಬಂತು. ನನಗೆ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವುದೇ ಕಷ್ಟವಾಗಿತ್ತು. ನನಗೂ ರಕ್ತದ್ದೇ ಹಾಕಿಸಿ ಎಂದು ಕೇಳಿದೆ. ಅದೊಂದನ್ನೇ ನಾನು ಬಾಯಿಬಿಟ್ಟು ಕೇಳಿದ್ದು, ಜಗಳದ ದನಿಯಲ್ಲಿ ಅಲ್ಲ, ಬೇಡುವ ದನಿಯಲ್ಲಿ.

"ಅದನ್ನ ಹಾಕಿದ್ರ ತಿಂಗಳಾನುಗಟ್ಲೆ ಮಲಗ್ತೀಯ. ಕಾಳು ಯಾರು ಒಣಗಿಸ್ತಾರ?" ಎಂದರು ನಮ್ಮನೆಯವರು. ಅತ್ತೆ ಪಕ್ಕದಲ್ಲೇ ಇದ್ದರು. ಎಲೆ ಅಡಿಕೆ ಜಗಿಯುತ್ತ, "ಸುಗ್ಗಿ ಮುಗೀಲಿ ತಗಾ, ಆಮ್ಯಾಕ ನೋಡಾಣ" ಎಂದರು. ಆ ಮನೆಯಲ್ಲಿ 'ಆಮ್ಯಾಕ' ಎಂದರೆ ಯಾವತ್ತೂ ಇಲ್ಲ ಎಂದೇ ಅರ್ಥ.

ಶಿಕಾರಿಪುರದವರು ಇನ್ನು ಹಾಕುವುದಿಲ್ಲ ಎಂದಿದ್ದರಿಂದ ನಮ್ಮನೆಯವರು ಬೈಕಿನಲ್ಲಿ ನನ್ನನ್ನು ಸೊರಬದ ಕಡೆಯ ಬೇರೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದಾರಿಯಲ್ಲಿ ನನ್ನ ತವರಿನ ಕಡೆಗೆ ಹೊರಳುವ ರಸ್ತೆ ಸಿಕ್ಕಿತು, ಬೈಕು ನಿಲ್ಲಲಿಲ್ಲ. ಒಳಗೆ ಹೋಗುವ ಮೊದಲು, "ಕೇಳಿದ್ರ ಇದೇ ಮೊದಲ್ನೇದು ಅಂತ ಹೇಳು" ಎಂದರು. ಆ ಡಾಕ್ಟರು ಕೇಳಿಯೇ ಕೇಳಿದರು. ನಾನು ಮೊದಲನೆಯದು ಎಂದೆ. ದಬ್ಬಳ ಚುಚ್ಚಿಸಿಕೊಂಡು ನಡೆದವರು ಮಾತ್ರ ನನ್ನ ಆ ಸುಳ್ಳಿಗೆ ನ್ಯಾಯ ಹೇಳಬಹುದು, ಉಳಿದವರು ಸುಮ್ಮನಿರಲಿ.

ಅಂಗಾಲಿನ ಪಟ್ಟಿ ಹರಿದದ್ದು ಒಂದು ಮಧ್ಯಾಹ್ನ. ಕಾಳಿನೊಳಗೆ ಪಾದ ಎಳೆಯುತ್ತ ರಸ್ತೆಯ ನಡುವಿನವರೆಗೆ ಬಂದಿದ್ದೆ. ನೋವಿರಲಿಲ್ಲ, ಸೂಜಿ ತನ್ನ ಕೆಲಸ ಮಾಡುತ್ತಿತ್ತು. ಬದಿಯಿಂದ ಲಾರಿ ಬಂತೆಂದು ಸ್ವಲ್ಪ ಜೋರಾಗಿ ಕಾಲೂರಿದೆ. ಅಂಗಾಲಿನೊಳಗೆ ಪಟ್ ಎಂದಿತು. ಎಳೆದು ಕಟ್ಟಿದ ಹಗ್ಗ ಹರಿದ ಹಾಗೆ. ಸದ್ದು ನನ್ನ ಕಿವಿಗೇ ಕೇಳಿಸಿತು. ಕಾಲು ನನ್ನನ್ನು ಬಿಟ್ಟುಬಿಟ್ಟಿತು, ನಾನು ಕಾಳಿನ ಮೇಲೆ ಕೂತುಬಿಟ್ಟೆ.

ಮೊದಲು ಓಡಿ ಬಂದವರು ಅತ್ತೆ. ಜಗಲಿ ಇಳಿದು, ಬರಿಗಾಲಲ್ಲಿ, ಜೋಳದ ಮೇಲೆ, ಒಂದಿಷ್ಟೂ ಕುಂಟದೆ ಬಂದರು. ಆ ನೋವಿನಲ್ಲೂ ನಾನು ಅದನ್ನೇ ನೋಡಿದೆ, ಎಷ್ಟು ಚೆನ್ನಾಗಿ ನಡೆಯುತ್ತಿದ್ದಾರೆ ಎಂದು. ಅವರು ನನ್ನ ಪಾದ ನೋಡಿದರು, ಆಮೇಲೆ ಆಕಾಶ ನೋಡಿದರು. ಉಡುತಡಿ ಕಡೆಯಿಂದ ಮೋಡ ಕಟ್ಟಿಕೊಂಡು ಬರುತ್ತಿತ್ತು. ಮಗನನ್ನು ಕರೆದು, "ಮೊದ್ಲು ತಾಡಪಾಲು ತಗಂಬಾ" ಎಂದರು. ಅಮ್ಮ ಮಗ ಇಬ್ಬರೂ ಸೇರಿ ಆ ತುದಿಯಿಂದ ಕಾಳು ಮುಚ್ಚುತ್ತ ಬಂದರು. ನಾನು ಕೂತ ಜಾಗ ಬಂದಾಗ ನಮ್ಮನೆಯವರು, "ಒಂಚೂರು ಸರಿ" ಎಂದರು. ನಾನು ಕೈಯೂರಿಕೊಂಡು, ಪೃಷ್ಠ ಎಳೆದುಕೊಂಡು, ಟಾರಿನ ಮೇಲೆ ಸರಿದೆ. ನನ್ನ ಕೆಳಗಿದ್ದ ಕಾಳಿಗೂ ತಾಡಪಾಲು ಬಿತ್ತು. ಮಳೆ ನನ್ನ ಮೇಲೆ ಬಿತ್ತು. ಆಮೇಲೆ ಅತ್ತೆ ನೀರು ತಂದು ಕೊಟ್ಟರು, ಇಲ್ಲವೆನ್ನುವುದಿಲ್ಲ.

ಶಿಕಾರಿಪುರದ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು. ನಂತರ, "ಮೂರನೇದು ಯಾರು ಹಾಕಿದ್ದು?" ಎಂದರು. ನಮ್ಮನೆಯವರು ತಲೆ ಆಡಿಸಿದರು. ಅದು ಆ ಪ್ರಶ್ನೆಗೆ ಉತ್ತರವೇ ಅಲ್ಲ.

ಈಗ ನನ್ನ ಬಲ ಪಾದ ಚಪ್ಪಟೆಯಾಗಿದೆ. ಹಿಮ್ಮಡಿಯ ಮೆತ್ತೆ ಕರಗಿ, ಚರ್ಮದ ಕೆಳಗೆ ನೇರ ಎಲುಬೇ ಸಿಗುತ್ತದೆ. ಡಾಕ್ಟರು ಬರೆದುಕೊಟ್ಟ ಮೆತ್ತನೆ ಬೂಟು ಹಾಕಿದರೆ ಬಾತುಕೋಳಿಯಂತೆ ನಡೆಯುತ್ತೇನೆ, ಹಾಕದಿದ್ದರೆ ಅದೂ ಇಲ್ಲ. ಮನೆಯೊಳಗೆ ಬೂಟಿಗೆ ಈಗ ಒಪ್ಪಿಗೆ ಸಿಕ್ಕಿದೆ, ಅಡುಗೆ ಆಗಬೇಕಲ್ಲ. ಜೋಳ ಮಗುಚಲು ಕೂಲಿಯವರು ಬರುತ್ತಾರೆ. ಕೂಲಿಯವರು ಸಿಗದಿದ್ದರೆ ಅತ್ತೆಯೇ ಇಳಿಯುತ್ತಾರೆ, ನನ್ನ ಕಡೆ ನೋಡುತ್ತ ಮಗುಚುತ್ತಾರೆ.

ಅತ್ತೆಗೆ ಸುತ್ತಲಿನ ಊರುಗಳಲ್ಲಿ ದೊಡ್ಡ ಹೆಸರು ಬಂತು. ಹಿಮ್ಮಡಿ ನೋವಿನವರು ಹುಡುಕಿಕೊಂಡು ಬರುತ್ತಾರೆ, ಒಂದೇ ಮನೆಯಲ್ಲಿ ಎರಡೂ ಥರದ ಸೂಜಿ ಹಾಕಿಸಿಕೊಂಡವರು ಬೇರೆಲ್ಲಿ ಸಿಗುತ್ತಾರೆ? ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಅತ್ತೆ ಯಾರಿಗೂ ಸುಮ್ಮನೆ ಉತ್ತರ ಕೊಡುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತಾರೆ.

"ನಿಮಗೇನ್ರಿ, ನಿಮ್ ಸೊಸಿಗೇನ್ರಿ?"

ಮೊನ್ನೆ ಆನವಟ್ಟಿ ಕಡೆಯಿಂದ ಅವರ ದೂರದ ಸಂಬಂಧದ ಹೆಂಗಸೊಬ್ಬರು ಬಂದಿದ್ದರು. ಜೊತೆಗೆ ಸೊಸೆ, ಸಣ್ಣ ವಯಸ್ಸಿನವಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಾಗ ಅವಳು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಬಂದಳು. ನನಗೆ ಯಾರೂ ಬೇರೆ ಏನೂ ಹೇಳಬೇಕಾಗಿರಲಿಲ್ಲ.

ಅತ್ತೆ ತಮ್ಮ ಪ್ರಶ್ನೆ ಕೇಳಿದರು. "ನನಗೇನಾಗಿದೆ ಮಾರಾಯ್ತಿ, ಇವ್ಳಿಗೇ" ಎಂದರು ಬಂದವರು.

"ಹಂಗಾರೆ ಶಿವಮೊಗ್ಗ ಗಿವಮೊಗ್ಗ ಯಾಕ? ಇಲ್ಲಿಂದೇ ಸಾಕು. ಮೂರನೇ ದಿನಕ್ಕ ಎದ್ದು ಕೆಲಸಕ್ಕ ಹೋಗ್ತಾಳ. ನಮ್ಮಾಕಿನ್ನೇ ಕೇಳ್ರಿ ಬೇಕಾರ."

ನಾನು ಚಹಾದ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಬರುತ್ತಿದ್ದೆ. ನನ್ನ ನಡಿಗೆಗೆ ಚಹಾ ತುಳುಕಿ ತಟ್ಟೆಯಲ್ಲಿ ನಿಂತಿತ್ತು. ಬಂದವರು ನನ್ನ ಮುಖ ನೋಡಿದರು, ಹುಡುಗಿ ನನ್ನ ಕಾಲು ನೋಡಿದಳು. ನಾನು ಲೋಟಗಳನ್ನು ಇಟ್ಟು, ಅತ್ತೆಯ ಮಂಚದ ಮೇಲೆಯೇ ಕೂತು, ಬೂಟು ಕಳಚಿ, ಪಾದವನ್ನು ಆ ಹುಡುಗಿಯ ಮುಂದೆ ಚಾಚಿದೆ. ಅತ್ತೆ, "ಏನಿದು, ಚಾ ಕುಡಿಯೋ ಹೊತ್ತಿನ್ಯಾಗ" ಎಂದರು.

"ಮುಟ್ಟಿ ನೋಡು" ಎಂದೆ ನಾನು ಅವಳಿಗೆ. "ಮೂರು ಸೂಜಿ ಇಲ್ಲಿದೆ. ಪಟ್ಟಿ ಹರಿದೇ ಹೋಗಿದೆ. ಇನ್ನು ಇದು ಕೂಡೂದಿಲ್ಲ."

ಅವಳು ಎರಡು ಬೆರಳಿನಿಂದ ಮುಟ್ಟಿದಳು. ಎಲುಬು ಸಿಕ್ಕಿರಬೇಕು, ಬೆರಳು ಹಿಂದಕ್ಕೆ ಎಳೆದುಕೊಂಡಳು. ಅವಳ ಅತ್ತೆ ಚಹಾ ಊದುತ್ತಿದ್ದರು. ಹುಡುಗಿ ನನ್ನ ಹತ್ತಿರಕ್ಕೆ ಬಗ್ಗಿ, ತೀರಾ ಸಣ್ಣ ದನಿಯಲ್ಲಿ ಕೇಳಿದಳು.

"ಅಕ್ಕಾ, ಮೊದಲ್ನೇ ಸೂಜಿಗೆ ಎಷ್ಟು ದಿನ ನೋವಿರ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಆದರೆ ಹಿತ್ತಿಲಲ್ಲಿ ಕತ್ತಲೆಯಲ್ಲಿ ಓಡಾಡುತ್ತ ಅತ್ತಿದ್ದು ನೆನಪಾಯಿತು.

"ಮೂರು ತಿಂಗಳು" ಎಂದೆ.

ಅವಳ ಮುಖ ಅರಳಿತು. "ಸಾಕಕ್ಕಾ" ಎಂದಳು. "ನಮ್ಮಲ್ಲಿ ಶುಂಠಿ ಕೀಳೂದು ಅಷ್ಟ್ರೊಳಗೆ ಮುಗೀತದೆ."